ಸಹಾಯ ಬೇಕು: ಹರಳಿನ ಅವಳಿ ಗಡಿ ಸುಳಿಯನ್ನು ಹಿಡಿಯುತ್ತದೆಯೋ, ಜಾರಿಸುತ್ತದೆಯೋ?

ಶಂಕರಘಟ್ಟದಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ, ಪ್ರತಿರೋಧವಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕಗಳ ಬಗ್ಗೆ ಸೆಮಿನಾರ್ ಹತ್ತಿರ ಬಂದಿದೆ. ಕಾಂತಕ್ಷೇತ್ರ ಅತಿವಾಹಕದೊಳಗೆ ತೆಳು ಎಳೆಗಳಾಗಿ ತೂರುತ್ತದೆ; ಇಂಥ ಒಂದೊಂದು ಎಳೆಯೇ ಕಾಂತೀಯ ಸುಳಿ, ಅದರ ನಡುವೆ ಅತಿವಾಹಕತೆ ಅಳಿದಿರುತ್ತದೆ. ಹರಳಿನ ದೋಷವಿರುವಲ್ಲಿ ಅತಿವಾಹಕತೆ ಮೊದಲೇ ಕುಗ್ಗಿರುವುದರಿಂದ ಸುಳಿ ಅಲ್ಲಿ ಕೂತರೆ ಶಕ್ತಿ ಉಳಿಯುತ್ತದೆ, ವಿದ್ಯುತ್ ಹರಿದರೂ ಸುಲಭವಾಗಿ ಕದಲುವುದಿಲ್ಲ. ಇಷ್ಟು ಅರ್ಥವಾಗಿದೆ.

ತೊಡಕಿರುವುದು ವೈಬಿಸಿಒ (ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್) ಎಂಬ ಅತಿವಾಹಕ ಹರಳಿನ ಅವಳಿ ಗಡಿಗಳಲ್ಲಿ, ಅಂದರೆ ಕನ್ನಡಿಬಿಂಬದಂತಿರುವ ಹರಳಿನ ಎರಡು ಭಾಗಗಳು ಕೂಡುವಲ್ಲಿ. ಧ್ರುವೀಕೃತ ಬೆಳಕಿನಲ್ಲಿ ಸಾಲು ಸಾಲು ಪಟ್ಟೆಗಳಾಗಿ ಕಾಣುವ ಇವು ಸುಳಿಯನ್ನು ಹಿಡಿಯುತ್ತವೆ ಎಂದು ಒಂದು ಪುಸ್ತಕ ಹೇಳಿದರೆ, ಹರಿಯಬಿಡುತ್ತವೆ ಎಂದು ಇನ್ನೊಂದು. ನಮ್ಮ ತೋಟದ ಬಸಿಗಾಲುವೆಯಂತೆ ಅಡ್ಡಕ್ಕೆ ತಡೆದು ಉದ್ದಕ್ಕೆ ಸಾಗಿಸುತ್ತವೆಯೇನೋ ಎನಿಸುತ್ತದೆ. ಮೇಷ್ಟ್ರನ್ನೂ ಕೇಳಿದೆ, ಸಮಾಧಾನವಾಗಲಿಲ್ಲ.

ತಿಳಿದವರು ದಯವಿಟ್ಟು ಹೇಳಿ: 77 ಕೆಲ್ವಿನ್‌ನಲ್ಲಿ, ಕಾಂತಕ್ಷೇತ್ರ ಸಿ ಅಕ್ಷದ (ಹರಳಿನ ಪದರಗಳಿಗೆ ಲಂಬವಾದ ದಿಕ್ಕಿನ) ಗುಂಟ ಇರುವಾಗ, ವಿದ್ಯುತ್ ಗಡಿಯನ್ನು ಅಡ್ಡ ಹಾಯ್ದರೆ ಸುಳಿ ಗಡಿಯುದ್ದಕ್ಕೂ ಜಾರುತ್ತದೆಯೇ? ಅಥವಾ ಆಮ್ಲಜನಕದ ಪರಮಾಣುವಿನ ಜಾಗ ಖಾಲಿಯಿರುವ ಚುಕ್ಕಿದೋಷಗಳು ಆಗಲೂ ಅದನ್ನು ತಡೆಯುತ್ತವೆಯೇ?