ಹೊರಗೆ ಕಾಲ್ ಹೋಗುತ್ತದೆ, ಒಳಗೆ ಬರುವುದಿಲ್ಲ: ‘ಆಫರ್’ ಕರೆ ಬಂದ ಮೇಲೆ ಶುರುವಾದದ್ದು

ಗುಬ್ಬಿಗೂಡು:
ನಿನ್ನೆಯಿಂದ ಚಿಕ್ಕಪ್ಪನ ಫೋನಿಗೆ ಯಾರು ಕಾಲ್ ಮಾಡಿದರೂ ಅವರ ಫೋನ್ ಸದ್ದೇ ಮಾಡುವುದಿಲ್ಲ. ಮಾಡಿದವರಿಗೆ ಮಾತ್ರ ರಿಂಗ್ ಕೇಳಿಸುತ್ತದೆ. ಅವರು ಬೇರೆಯವರಿಗೆ ಮಾಡಿದರೆ ಹೋಗುತ್ತದೆ, ನೆಟ್ ಇದೆ, ಎಸ್ಸೆಮ್ಮೆಸ್ ಬರುತ್ತದೆ. ರೀಸ್ಟಾರ್ಟ್ ಆಯ್ತು, ಸಿಮ್ ತೆಗೆದು ಹಾಕಿದ್ದೂ ಆಯ್ತು. ಇದಕ್ಕೆ ಸಂಬಂಧ ಇದೆಯೋ ಇಲ್ಲವೋ, ನಿನ್ನೆ ಒಬ್ಬಳು ಸಿಮ್ ಕಂಪನಿಯವಳು ಅಂತ ಕಾಲ್ ಮಾಡಿ, ಹಳೇ ಗ್ರಾಹಕರಿಗೆ ಡೇಟಾ ಉಚಿತ, ಸಂಜೆಯೊಳಗೆ ಆನ್ ಮಾಡಿಕೊಳ್ಳದಿದ್ದರೆ ಆಫರ್ ಹೋಗುತ್ತದೆ ಅಂತ ಹೇಳಿ ಏನೋ ಕೋಡ್ ಒತ್ತಿಸಿದ್ದಾಳೆ. ಪರದೆಯ ಮೇಲೆ ಕಸ್ಟಮರ್ ಕೇರ್ ನಂಬರೇ ಇತ್ತಂತೆ.

ಹಳೇರೇಡಿಯೋ:
ಸಂಬಂಧ ಇದೆ. ಕಾಲ್ ಲಾಗ್ ತೆಗೆದು ನೋಡಿ. ಅವರು ಒತ್ತಿದ್ದು *21* ಅಥವಾ **21* ಅಂತ ಶುರುವಾಗಿ, ನಡುವೆ ಒಂದು ಫೋನ್ ನಂಬರ್ ಇದ್ದು, # ಅಂತ ಮುಗಿದರೆ ಅದು ಆಫರ್ ಅಲ್ಲ, ಕಾಲ್ ಫಾರ್ವರ್ಡಿಂಗ್. ಬರುವ ಕರೆಗಳೆಲ್ಲ ಆ ನಂಬರಿಗೆ ಹೋಗುತ್ತಿವೆ. *#21# ಡಯಲ್ ಮಾಡಿದರೆ ಯಾವ ನಂಬರಿಗೆ ಅಂತ ತೋರಿಸುತ್ತದೆ. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ದೂರು ಕೊಡುವಾಗ ಬೇಕು. ಆಮೇಲೆ ##002# ಒತ್ತಿ, ಎಲ್ಲ ಫಾರ್ವರ್ಡಿಂಗೂ ರದ್ದಾಗುತ್ತದೆ. ವಾಯ್ಸ್‌ಮೇಲ್ ಬಳಸುತ್ತಿದ್ದರೆ ಅದೂ ಹೋಗಬಹುದು, ಮತ್ತೆ ಹಾಕಿಸಿಕೊಂಡರಾಯ್ತು. ಕೆಲವು ನೆಟ್‌ವರ್ಕ್‌ಗಳಲ್ಲಿ ಈ ಕೋಡ್ ಕೆಲಸ ಮಾಡುವುದಿಲ್ಲ. ಆಗ ಫೋನಿನ ಕಾಲ್ ಸೆಟ್ಟಿಂಗ್ಸ್‌ಗೆ ಹೋಗಿ ತೆಗೆಯಬೇಕು.

ಗುಬ್ಬಿಗೂಡು:
ಸರ್, ಗುರುತೇ ಇಲ್ಲದ ನಂಬರ್ ತೋರಿಸಿತು. ರದ್ದು ಮಾಡಿದೆವು, ಈಗ ಕಾಲ್ ಬರುತ್ತಿದೆ. ಆದರೆ ವಾಟ್ಸಾಪ್ ಲಾಗೌಟ್ ಆಗಿದೆ. ಅವರು ಯಾರಿಗೂ ಓಟಿಪಿ ಹೇಳಿಲ್ಲ ಅನ್ನುತ್ತಾರೆ.

ಹಳೇರೇಡಿಯೋ:
ನಿಜವೇ ಹೇಳುತ್ತಿದ್ದಾರೆ, ಬೈಯಬೇಡಿ. ಫಾರ್ವರ್ಡಿಂಗ್‌ನಲ್ಲಿ ಎಸ್ಸೆಮ್ಮೆಸ್ ಆಚೆ ಹೋಗುವುದಿಲ್ಲ, ಕರೆ ಮಾತ್ರ ಹೋಗುತ್ತದೆ. ಆದರೆ ವಾಟ್ಸಾಪ್ 6 ಅಂಕಿಯ ಕೋಡನ್ನು ಕಾಲ್ ಮಾಡಿಯೂ ಓದಿ ಹೇಳುತ್ತದೆ. ಆ ಕಾಲ್ ನೇರ ಮೋಸಗಾರನ ಕಿವಿಗೆ ಬಿತ್ತು, ಅಷ್ಟೇ. ಈಗ ಚಿಕ್ಕಪ್ಪನ ಫೋನಿನಲ್ಲೇ ಅದೇ ನಂಬರ್ ಹಾಕಿ ಲಾಗಿನ್ ಆಗಿ, ಹೊಸ ಕೋಡ್ ಕೊಟ್ಟ ಕೂಡಲೇ ಅವನು ಹೊರಗೆ ಬೀಳುತ್ತಾನೆ. ಕೋಡ್ ಆದ ಮೇಲೆ ನೀವು ಇಟ್ಟೇ ಇಲ್ಲದ ಟೂ-ಸ್ಟೆಪ್ ಪಿನ್ (ಎರಡನೇ ಗುಟ್ಟಿನ ಸಂಖ್ಯೆ) ಕೇಳಿದರೆ ಅದು ಅವನು ಇಟ್ಟದ್ದು. 7 ದಿನ ಕಾಯಬೇಕಾಗುತ್ತದೆ, ಆದರೆ ಅಷ್ಟು ದಿನ ಅವನೂ ಒಳಗಿರುವುದಿಲ್ಲ. ಒಳಗೆ ಹೋದ ಮೇಲೆ ಲಿಂಕ್ಡ್ ಡಿವೈಸಸ್ (ಆ ವಾಟ್ಸಾಪ್ ತೆರೆದಿರುವ ಬೇರೆ ಸಾಧನಗಳ ಪಟ್ಟಿ) ನೋಡಿ, ನಿಮ್ಮದಲ್ಲದ್ದನ್ನು ತೆಗೆದು, ಟೂ-ಸ್ಟೆಪ್ ಪಿನ್ ಇಡಿ. ಅದಕ್ಕೂ ಮೊದಲು ನೆಂಟರು, ಸ್ನೇಹಿತರಿಗೆಲ್ಲ ಫೋನ್ ಮಾಡಿ ಹೇಳಿ. ಚಿಕ್ಕಪ್ಪನ ಹೆಸರಲ್ಲಿ ‘ಅರ್ಜೆಂಟಾಗಿ ದುಡ್ಡು ಬೇಕು’ ಅಂತ ಮೆಸೇಜ್ ಹೋಗುವುದು ಇನ್ನೇನು ಬಾಕಿ. ಬ್ಯಾಂಕಿಗೂ ತಿಳಿಸಿಬಿಡಿ.

ತೆಂಕಣಗಾಳಿ:
ನಡುವೆ ಬಾಯಿ ಹಾಕುತ್ತೇನೆ. ಕಸ್ಟಮರ್ ಕೇರ್ ನಂಬರಿಂದಲೇ ಬಂತಲ್ಲ ಅನ್ನುವ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಇಂಟರ್ನೆಟ್ ಮೂಲಕ ಕರೆ ಮಾಡುವವರು ಯಾವ ನಂಬರ್ ಕಾಣಿಸಬೇಕೋ ಅದನ್ನು ತಾವೇ ತುಂಬಿ ಕಳಿಸಬಹುದು. ಎಷ್ಟೋ ನೆಟ್‌ವರ್ಕ್‌ಗಳು ಅದನ್ನು ಪರೀಕ್ಷಿಸದೆ ನಿಮ್ಮ ಪರದೆಗೆ ದಾಟಿಸುತ್ತವೆ. ಲಕೋಟೆಯ ಹಿಂದೆ ಕಳಿಸಿದವರ ವಿಳಾಸ ಬರೆದ ಹಾಗೆ, ಯಾರು ಏನು ಬೇಕಾದರೂ ಬರೆಯಬಹುದು. ಹಾಗಾಗಿ ಬಂದ ಕರೆಯಲ್ಲಿ ಯಾವುದನ್ನೂ ಇತ್ಯರ್ಥ ಮಾಡಬೇಡಿ. ಕಟ್ ಮಾಡಿ, ಬಿಲ್ಲಿನ ಮೇಲೋ ಕಾರ್ಡಿನ ಹಿಂದೆಯೋ ಇರುವ ನಂಬರಿಗೆ ನೀವೇ ಮಾಡಿ ಕೇಳಿ. ಆಫರ್ ನಿಜವಾಗಿದ್ದರೆ ಅಲ್ಲೂ ಇರುತ್ತದೆ. ‘ಫೋನ್ ಇಡಬೇಡಿ, ಲೈನಲ್ಲೇ ಇರಿ’ ಅಂದರೆ ಇನ್ನು ಅನುಮಾನವೇ ಬೇಡ. ಅವರಿಗೆ ಬೇಕಾದ್ದು ನೀವು ಇನ್ನೊಬ್ಬರನ್ನು ಕೇಳದಿರುವುದು.

ಮೂರನೇಬೆಂಚು:
‘ಇಂಥ ಕರೆ ಬೇಡವಾದರೆ 9 ಒತ್ತಿ’ ಅನ್ನುತ್ತದಲ್ಲ, ಒತ್ತಬಹುದಾ?

ತೆಂಕಣಗಾಳಿ:
ಬೇಡ ಮಾರಾಯ್ರೆ. ಒತ್ತಿದರೆ ಈ ನಂಬರಲ್ಲಿ ಮನುಷ್ಯರು ಇದ್ದಾರೆ ಅಂತ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಕಾಟ ಇನ್ನೂ ಜಾಸ್ತಿ. ಬ್ಲಾಕ್ ಮಾಡಿ, ಆದರೆ ಅವರು ನಂಬರ್ ಬದಲಿಸುತ್ತಲೇ ಇರುತ್ತಾರೆ.

ಗುಬ್ಬಿಗೂಡು:
ವಾಟ್ಸಾಪ್ ವಾಪಸ್ ಬಂತು, ಪಿನ್ ಕೇಳಲಿಲ್ಲ. ಆದರೆ ಈಗ ಇನ್ನೊಬ್ಬ ಕಾಲ್ ಮಾಡಿ, ‘ನಿಮಗೆ ಮೋಸ ಆಗಿದೆ ಅಂತ ಗೊತ್ತಾಗಿದೆ, ಸ್ವಲ್ಪ ಶುಲ್ಕ ಕಟ್ಟಿದರೆ ಅಪರಾಧಿ ವಿವರ ಕೊಡುತ್ತೇವೆ, ಎನಿಡೆಸ್ಕ್ ಹಾಕಿಕೊಳ್ಳಿ’ ಅಂದ. ಚಿಕ್ಕಪ್ಪ ನನ್ನ ಕೈಗೆ ಫೋನ್ ಕೊಟ್ಟರು.

ಹಳೇರೇಡಿಯೋ:
ಅದೇ ಗುಂಪು, ಇಲ್ಲವೇ ಅವರಿಂದ ಪಟ್ಟಿ ಕೊಂಡವರು. ಒಮ್ಮೆ ಸಿಕ್ಕವರನ್ನು ಮತ್ತೆ ಹುಡುಕಿಕೊಂಡು ಬರುತ್ತಾರೆ. ಎನಿಡೆಸ್ಕ್ ಅಂದರೆ ದೂರದಿಂದಲೇ ಇನ್ನೊಬ್ಬರ ಫೋನ್ ನೋಡಲು ಬಳಸುವಂಥದ್ದು, ತಪ್ಪು ಆ್ಯಪ್ ಅಲ್ಲ, ಆದರೆ ಅದರ ಕೋಡ್ ಕೊಟ್ಟರೆ ನಿಮ್ಮ ಪರದೆ ಅವನಿಗೆ ಕಾಣುತ್ತದೆ, ಬಂದ ಓಟಿಪಿಯೂ ಸೇರಿ. ಆಗಲೇ ಹಾಕಿದ್ದರೆ ಮೊದಲು ನೆಟ್ ಆಫ್ ಮಾಡಿ, ಆ್ಯಪ್ ತೆಗೆದು, ಪಾಸ್‌ವರ್ಡ್‌ಗಳನ್ನು ಬೇರೆ ಫೋನಿಂದ ಬದಲಿಸಿ. ಅಂದಹಾಗೆ ಅವರದ್ದು ಎರಡು ಸಿಮ್ ಫೋನಾ? ಹಾಗಿದ್ದರೆ *#21# ಎರಡನೇ ಸಿಮ್ಮಿನಿಂದಲೂ ಒಮ್ಮೆ ಒತ್ತಿ ನೋಡಿ.