ಪದ ಬೇಕು: ಸಿಲ್ಟ್, ಪೇಲಿಯೋಸಾಲ್ (ಸ್ವಲ್ಪ ತುರ್ತು)

ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪ್ರದರ್ಶನದ ಫಲಕಕ್ಕೆ ಬರಹ ಕೊಡಬೇಕು. ವಿಷಯ ಚೀನಾದ ಲೋಯೆಸ್ ಪ್ರಸ್ಥಭೂಮಿ. ಅಲ್ಲಿನ ಲುವೊಚುವಾನ್ ಹತ್ತಿರ ಲೋಯೆಸ್, ಅಂದರೆ ಗಾಳಿ ತಂದು ಸುರಿದ ಹಳದಿ ಮಣ್ಣಿನ, ಕಡಿದಾದ ಗೋಡೆಗಳಿವೆ. ನಡುನಡುವೆ ಕೆಂಗಂದು ಪಟ್ಟಿಗಳು. ಅವು ಒಂದು ಕಾಲಕ್ಕೆ ಹುಲ್ಲು ಬೆಳೆದಿದ್ದ ಮೇಲ್ಮಣ್ಣು, ಆಮೇಲೆ ದೂಳಿನಡಿ ಹೂತುಹೋದವು. ಹಳದಿ ಪದರದಲ್ಲಿ ಕಣ ದಪ್ಪ: ಆಗ ಚಳಿಗಾಲದ ಗಾಳಿ ಜೋರಾಗಿತ್ತು. ಕೆಂಪು ಪಟ್ಟಿಯಲ್ಲಿ ಕಣ ಸಣ್ಣ. ಸಿಲ್ಟ್‌ಗೆ ‘ಗಾಳಿಹೂಳು’, ಪೇಲಿಯೋಸಾಲ್‌ಗೆ (ಈ ಹೂತ ಮಣ್ಣಿಗೆ) ‘ಪಳೆಮಣ್ಣು’ ಅಂತ ಬರೆದಿದ್ದೇನೆ. ಸರಿಯಾ?

---

ಪಳೆಮಣ್ಣು ಬೇಡ. ‘ಪಳೆ’ ಹೋಗಿ ‘ಹಳೆ’ ಬಂದು ಶತಮಾನಗಳೇ ಆದವು. ಹಳೆಮಣ್ಣು ಅನ್ನಿ.

---

> ಹಳೆಮಣ್ಣು ಅನ್ನಿ

ಹಳೆಮಣ್ಣು ಅಂದರೆ ಹೂಕುಂಡದಿಂದ ತೆಗೆದು ಸುರಿದದ್ದು ಅಂದುಕೊಳ್ತಾರೆ. ‘ಪಳೆಯುಳಿಕೆ’ ಶಾಲೆ ಮಕ್ಕಳಿಗೂ ಗೊತ್ತು. ಅದರ ಪಕ್ಕ ಪಳೆಮಣ್ಣು ಚೆನ್ನಾಗಿ ಕೂರುತ್ತೆ.

ನನ್ನ ತಕರಾರು ಗಾಳಿಹೂಳಿಗೆ. ನಮ್ಮೂರ ಕೆರೆಯ ಹೂಳನ್ನು ಗದ್ದೆಗೆ ಹೊಡೆಸುತ್ತಿದ್ದೆವು. ಹಿಡಿ ತುಂಬ ಎತ್ತಿದರೆ ಅದರಲ್ಲಿ ಮರಳು, ಜೇಡಿ, ಕೊಳೆತ ಎಲೆ ಎಲ್ಲಾ ಇರುತ್ತಿತ್ತು. ಹೂಳು ಅನ್ನೋದು ಬಂದು ಕೂತದ್ದರ ಹೆಸರು. ಸಿಲ್ಟ್ ಬರೀ ಗಾತ್ರದ ಹೆಸರು: 2ರಿಂದ 63 ಮೈಕ್ರಾನ್, ಮರಳಿಗಿಂತ ಸಣ್ಣ, ಜೇಡಿಗಿಂತ ದಪ್ಪ. ಇಲ್ಲಿ ಗಾಳಿ ಎಷ್ಟು ಜೋರಿತ್ತು ಅನ್ನೋದಕ್ಕೆ ಗಾತ್ರವೇ ಸಾಕ್ಷಿ. ಮಳೆ ಹೆಚ್ಚಿದ ಕಾಲದಲ್ಲಿ ಕಣ ಕೂತಲ್ಲೇ ಶಿಥಿಲವಾಗಿ ಜೇಡಿಯಾಗುತ್ತೆ. ಅದಕ್ಕೇ ಗಾಳಿಯ ಲೆಕ್ಕ ಕೆಡದಿರಲಿ ಅಂತ, ಸುಲಭಕ್ಕೆ ಕರಗದ ಕ್ವಾರ್ಟ್ಜ್ ಕಣಗಳನ್ನಷ್ಟೇ ಬೇರೆ ಮಾಡಿ ಅಳೆಯುವುದೂ ಉಂಟು. ಸಿಲ್ಟ್ ಅಂತಲೇ ಬರೆಯಿರಿ.

---

ಒಪ್ಪಲ್ಲ. ಹೂಳು ಬಂದದ್ದು ‘ಪೂೞ್’ ಧಾತುವಿನಿಂದ. ಅದು ಮುಚ್ಚುವುದು, ನೀರಿನ ಮಾತೇ ಇಲ್ಲ. ಅಲ್ಲಿ ದೂಳು ನೆಲವನ್ನೇ ಹೂಳಿದೆ. ಇದಕ್ಕಿಂತ ಒಪ್ಪುವ ಪದ ಯಾವುದಿದೆ? ‘ಲೋಯೆಸ್’ ಕೂಡ ಜರ್ಮನ್ನರ ಆಡುಮಾತು, ಸಡಿಲ ಅಂತ ಅರ್ಥ. ಚೀನೀಯರು ‘ಹುವಾಂಗ್‌ಟು’, ಹಳದಿ ಮಣ್ಣು, ಅಂತಾರೆ. ಎಲ್ಲರೂ ಅಂಗಳದ ಮಾತು ಎತ್ತಿಕೊಂಡರು. ನಾವು ಮಾತ್ರ ಯಾಕೆ ಸಾಲ ಮಾಡಬೇಕು?

---

ಕುರ್ಚಿ, ಕಾಗದ ಎಲ್ಲಾ ಸಾಲವೇ ಅಲ್ವಾ? ಧಾತು ಹಿಡಿದು ಅಳತೆ ಬಿಡಬೇಡಿ.

---

ಇಬ್ಬರಿಗೂ ಧನ್ಯವಾದ. ಗಾತ್ರ ಹೇಳುವಲ್ಲಿ ಸಿಲ್ಟ್, ರಾಶಿ ಹೇಳುವಲ್ಲಿ ಗಾಳಿಹೂಳು ಇಟ್ಟುಕೊಂಡೆ. ಫಲಕದ ಸಾಲು ಹೀಗಿದೆ: “ಈ ಗಾಳಿಹೂಳಿನಲ್ಲಿ ಸಿಲ್ಟ್ ಕಣಗಳೇ ಜಾಸ್ತಿ. ಕೆಂಪು ಪಟ್ಟಿಗಳು ಪಳೆಮಣ್ಣು. ಅಲ್ಲಿ ಕಣ ಸಣ್ಣ.” ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ.