ಉಳ್ಳಾಗಡ್ಡಿ ಸಿಪ್ಪಿ ಬಣ್ಣ: ಹಳದಿ ಬದಲು ಪಾಚಿ ಬಣ್ಣ ಯಾಕ ಬರತೈತಿ?

ಖಣ_ಗುಳೇದಗುಡ್ಡ:
ರೇಷ್ಮೆ ನೂಲಿಗೆ. ಎಪಿಎಂಸಿಯ ಕೆಂಪು ಉಳ್ಳಾಗಡ್ಡಿ ಒಣ ಸಿಪ್ಪಿ 1 ಕಿಲೋ, ಬೋರಿನ ನೀರು 20 ಲೀಟರ್, ಕಬ್ಬಿಣದ ಕಡಾಯಿ, 2 ತಾಸು ಕುದಿ. ಬಂಗಾರದ ಹಳದಿ ಬೇಕಿತ್ತು, ಪಾಚಿ ಬಣ್ಣ ಬಂತು. ಉಳಿದ ನೀರು ಬತ್ತಿಸಿ ಕ್ವೆರ್ಸೆಟಿನ್ (ಸಿಪ್ಪಿಯಾಗಿನ ಹಳದಿ ಬಣ್ಣದ ಪದಾರ್ಥ) ಪುಡಿ ಮಾಡೋಣಂದ್ರ ಕಾಕಂಬಿ ಹಂಗ ಅಂಟು. ತಪ್ಪೆಲ್ಲಿ?

ಬಣ್ಣದ_ಹಂಡೆ:
ಮೊದಲ ಅನುಮಾನ ಕಡಾಯಿ ಮ್ಯಾಲ. ಕ್ವೆರ್ಸೆಟಿನ್ ಕಬ್ಬಿಣ ಸಿಕ್ಕರ ಪಾಚಿ, ಕರಿ ಬಣ್ಣಕ್ಕ ತಿರಗತೈತಿ. ಪಟಿಕದ ಅಲ್ಯೂಮಿನಿಯಂ ಸಿಕ್ಕರ ಹಳದಿ. ಎರಡನೇದು ಬೋರಿನ ನೀರು. ಗಡಸು ನೀರು ಕುದಿಸಿದಂಗ ಕ್ಷಾರ ಏರತೈತಿ, ಕ್ಷಾರದಾಗ ಗಾಳಿ ತಾಗಿ ಬಣ್ಣ ಮುರಿದು ಕಂದಾಗತೈತಿ.

ಯಾವುದು ಅಂತ ತಿಳಿಯಾಕ ಮೂರು ಸ್ಟೀಲ್ ಲೋಟ ಸಾಕ್ರಿ. ಒಂದರಾಗ ಆರ್‌ಒ ನೀರು, ಒಂದರಾಗ ಆರ್‌ಒ ನೀರು ಮತ್ತ ತುಕ್ಕು ಹಿಡಿದ ಮೊಳೆ, ಒಂದರಾಗ ಬೋರಿನ ನೀರು. ಎಲ್ಲಾದಕ್ಕೂ 5 ಗ್ರಾಂ ಸಿಪ್ಪಿ, 200 ಮಿಲಿ ನೀರು, 20 ನಿಮಿಷ ಕುದಿ. ಸೋಸಿ ಚಿಟಿಕೆ ಪಟಿಕ ಹಾಕ್ರಿ.

ನೂಲಿಗೆ ಪಟಿಕ ತೂಕದ 10–15%, ಬೆಚ್ಚನ ನೀರಾಗ ಒಂದು ತಾಸು. ಆಮೇಲೆ ಬಣ್ಣದಾಗ 80 ಡಿಗ್ರಿ ದಾಟಿಸಬ್ಯಾಡ್ರಿ, ರೇಷ್ಮೆ ಹೊಳಪು ಹೋಗತೈತಿ. ಕೆಂಪು ಸಿಪ್ಪಿ ಒಂದಿಷ್ಟು ಹಸಿರು ಛಾಯೆ ಬಿಡೋದ. ಶುದ್ಧ ಬಂಗಾರ ಬೇಕಂದ್ರ ಕಂದು-ಹಳದಿ ಸಿಪ್ಪಿ ಬೇರೆ ಆರಸ್ರಿ.

ಸೋಸುಬಟ್ಟಿ:
ಪುಡಿ ವಿಚಾರ ಬ್ಯಾರೇನ. ನೀರು ಸಕ್ಕರಿ, ಪೆಕ್ಟಿನ್ ಎಲ್ಲಾ ಎಳಕೊಂಡು ಬರತೈತಿ, ಅದಕ್ಕ ಅಂಟು. ಕ್ವೆರ್ಸೆಟಿನ್ ನೀರಾಗ ಕರಗೋದು ಬಾಳ ಕಡಿಮಿ. 100 ಗ್ರಾಂ ಪುಡಿ ಮಾಡಿದ ಸಿಪ್ಪಿಗೆ 65–70% ಎಥನಾಲ್ (ಮದ್ಯಸಾರ) 2 ಲೀಟರ್, 50 ಡಿಗ್ರಿ, ಒಂದು ತಾಸು. ಸೋಸಿ, ಆವಿ ತಣಿಸಿ ಹಿಡಿಯೋ ಭಟ್ಟಿ ಪಾತ್ರೆಯಾಗ ಬಿಸಿನೀರಿನ ಮ್ಯಾಲಿಟ್ಟು ಮದ್ಯಸಾರ ವಾಪಸ್ ತಗೀರಿ. ಅದು ಹೋದಂಗ ಉಳಿದ ನೀರು ಕದಡತೈತಿ. ಒಂದು ರಾತ್ರಿ ಫ್ರಿಜ್ಜಿನಾಗಿಟ್ಟರ ತಳದಾಗ ಹಳದಿ-ಕಂದು ಗಸಿ ಕೂಡತೈತಿ, ಅದ ನಿಮ್ಮ ಮಾಲು. ಅದೂ ಶುದ್ಧ ಅಲ್ಲ, ಅದರ ಗ್ಲುಕೋಸೈಡ್ (ಸಕ್ಕರಿ ಕೂಡಿದ ರೂಪ) ಕೂಡೇ ಇರತಾವ.

ಹತ್ತಿರ ಗ್ಯಾಸ್ ಒಲಿ, ಕಿಡಿ ಏನೂ ಬ್ಯಾಡ. ಮದ್ಯಸಾರದ ಆವಿ ಭಪ್ ಅಂತ ಹೊತ್ತತೈತಿ. ಪೇಂಟ್ ಅಂಗಡಿ ಸ್ಪಿರಿಟಿನಾಗ ಮೆಥನಾಲ್ ಇರಬಹುದು, ಅದರಿಂದ ತೆಗೆದದ್ದು ತಿನ್ನೋ ಪದಾರ್ಥಕ್ಕ ಬ್ಯಾಡ. ಶುದ್ಧ ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕ.

ಮತ್ತೊಂದು: ಸಿಪ್ಪಿ ಒಳಮೈಯಾಗ ಗೆರಿ ಹಿಡಿದು ಮಸಿಯಂಥ ಪುಡಿ ಇದ್ದರ ಅದು ಕರಿ ಬೂಸ್ಟು. ಬೆರಳಿಗೆ ಹತ್ತಿದ್ದೆಲ್ಲಾ ತಗದು ಒಗೀರಿ.

ಖಣ_ಗುಳೇದಗುಡ್ಡ:
ಲೋಟ ಮಾಡಿದೆ. ಆರ್‌ಒ: ಹಳದಿ. ಮೊಳೆ: ಪಾಚಿ. ಬೋರು: ಕಂದು, ಪಟಿಕ ಹಾಕಿದರೂ ಬದಲಿಲ್ಲ. ಎರಡೂ ಕಾರಣ ಅಂದಂಗಾತು. ಆರ್‌ಒ ನೀರು ಇಷ್ಟು ಸಿಗಾಂಗಿಲ್ಲ, ಬೋರಿನ ನೀರಿಗೆ ನಿಂಬೆ ಹಿಂಡಿದರ?

ಬಣ್ಣದ_ಹಂಡೆ:
ಸಿಪ್ಪಿ ಹಾಕೋದಕ್ಕೂ ಮೊದಲ ಹಿಂಡ್ರಿ. ಪಿಎಚ್ ಪಟ್ಟಿ (ಹುಳಿ-ಕ್ಷಾರ ತೋರಿಸೋ ಕಾಗದ) 5–6 ತೋರಿಸೋ ತನಕ, ಅದಕ್ಕಿಂತ ಕೆಳಗ ಬ್ಯಾಡ, ಹುಳಿ ಹೆಚ್ಚಾದರ ಪಟಿಕದ ಹಿಡಿತ ಸಡಲತೈತಿ. ಪಾಚಿ ಬಣ್ಣದ ನೂಲು ಒಗೀಬ್ಯಾಡ್ರಿ, ಖಣದ ಅಂಚಿಗೆ ಚಲೋ ಒಪ್ಪತೈತಿ.